ಲೋಹದ ದನಿಯನ್ನು ಆಲಿಸಿದ ಅಲೆಕ್ಸಾಂಡರ್ ಗ್ರಹಾಮ್ ಬೆಲ್

ಅಲೆಕ್ಸಾಂಡರ್ ಗ್ರಹಾಮ್ ಬೆಲ್ಲನ ಹೆಸರನ್ನು ಕೇಳದ ವಿದ್ಯಾರ್ಥಿಯು ವಿರಳ. ದೂರವಾಣಿಯ ಜನಕನೆಂದು ಲೋಕವು ಆತನನ್ನು ಕೊಂಡಾಡುತ್ತದೆ. ಆದರೆ ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳ ಕಡಲತೀರಗಳಲ್ಲಿ ಉದ್ದನೆಯ ಕೋಲಿನ ತುದಿಗೆ ತಟ್ಟೆಯಂಥ ಸಾಧನವೊಂದನ್ನು ಸಿಕ್ಕಿಸಿಕೊಂಡು, ಕಿವಿಗೆ ಹೆಡ್‌ಫೋನು ಧರಿಸಿ, ಅದನ್ನು ಮರಳಿನ ಮೇಲೆ ಮೆಲ್ಲಮೆಲ್ಲನೆ ಆಡಿಸುತ್ತ ನಾಣ್ಯ ಉಂಗುರಗಳನ್ನು ಅರಸುವ ಹವ್ಯಾಸಿಗಳೂ ಆತನಿಗೆ ಋಣಿಗಳೆಂಬುದನ್ನು ಬಲ್ಲವರು ಕಡಿಮೆ. ಮುಂಬಯಿಯ ರೈಲು ನಿಲ್ದಾಣಗಳಲ್ಲಿ ನಾವು ದಾಟಿ ಹೋಗುವ ಲೋಹಶೋಧಕ ದ್ವಾರಗಳೂ ಅದೇ ವಂಶಕ್ಕೆ ಸೇರಿದವು. ಈ ಯಂತ್ರವು ಮೊದಲು ಜನರ ಗಮನಕ್ಕೆ ಬಂದುದು ನಿಧಿಯ ಆಸೆಯಿಂದಲ್ಲ. ಒಬ್ಬ ಮನುಷ್ಯನ ಪ್ರಾಣವನ್ನುಳಿಸಬೇಕೆಂಬ ಹಂಬಲದಿಂದ. ಆ ಕಥೆಯನ್ನು ತಿಳಿಯಬೇಕಾದರೆ ಬೆಲ್ಲನ ಜೀವನವನ್ನು ಮೊದಲಿನಿಂದಲೇ ನೋಡಬೇಕು.

ಬೆಲ್ಲನು ೧೮೪೭ನೆಯ ಇಸವಿ ಮಾರ್ಚ್ ೩ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದನು. ತಂದೆ ಅಲೆಕ್ಸಾಂಡರ್ ಮೆಲ್ವಿಲ್ ಬೆಲ್ಲನು ಉಚ್ಚಾರಣಶಾಸ್ತ್ರದಲ್ಲಿ ನಿಷ್ಣಾತನು. ಮಾತಿನ ಪ್ರತಿಯೊಂದು ಧ್ವನಿಗೂ, ಅದನ್ನು ನುಡಿಯುವಾಗ ನಾಲಿಗೆ ತುಟಿಗಳು ನಿಲ್ಲುವ ರೀತಿಯನ್ನು ತೋರಿಸುವ ಲಿಪಿಯೊಂದನ್ನು ಆತನು ರಚಿಸಿದ್ದನು. ತಾಯಿ ಎಲೈಜಾಳಿಗೆ ಶ್ರವಣಶಕ್ತಿಯು ಕುಂದಿತ್ತು. ಆದರೂ ಆಕೆಯು ಪಿಯಾನೋ ನುಡಿಸುತ್ತಿದ್ದಳು; ಮಗನಿಗೂ ಕಲಿಸಿದಳು. ಮಗನು ತಾಯಿಯ ಹಣೆಯ ಬಳಿ ಬಾಯಿಟ್ಟು ಸಣ್ಣದನಿಯಲ್ಲಿ ಸ್ಪಷ್ಟವಾಗಿ ಮಾತಾಡುವುದನ್ನು ರೂಢಿಮಾಡಿಕೊಂಡನು. ಹೀಗೆ ಧ್ವನಿಯೆಂಬುದು ಆತನಿಗೆ ಪುಸ್ತಕದ ವಿಷಯವಾಗುವ ಮೊದಲೇ ಮನೆಯ ವಿಷಯವಾಗಿತ್ತು.

ಬಾಲ್ಯದಲ್ಲಿ ಆತನ ಕುತೂಹಲಕ್ಕೆ ಎಲ್ಲೆಯಿರಲಿಲ್ಲ. ಹನ್ನೆರಡರ ಸುಮಾರಿನಲ್ಲಿ ಗೆಳೆಯನ ತಂದೆಯ ಹಿಟ್ಟಿನ ಗಿರಣಿಯಲ್ಲಿ ಆಡುತ್ತಿದ್ದಾಗ, ಏನಾದರೂ ಉಪಯುಕ್ತವಾದುದನ್ನು ಮಾಡಬಾರದೇಕೆಂದು ಆ ಹಿರಿಯನು ಕೇಳಿದನಂತೆ. ಬಾಲಕನು ಮೊಳೆಗಳ ಕುಂಚ ಹಾಗೂ ತಿರುಗುವ ಚಕ್ರಗಳಿಂದ ಗೋದಿಯ ಹೊಟ್ಟು ಬಿಡಿಸುವ ಯಂತ್ರವೊಂದನ್ನು ಕಟ್ಟಿಕೊಟ್ಟನು. ಅದು ಗಿರಣಿಯಲ್ಲಿ ಹಲವು ವರ್ಷ ಕೆಲಸ ಮಾಡಿತು. ಅಣ್ಣನೊಡನೆ ಸೇರಿ ಮಾತಾಡುವ ಕೃತಕ ತಲೆಯೊಂದನ್ನೂ ಆತನು ನಿರ್ಮಿಸಿದನು.

ಆದರೆ ಈ ಸುಖದ ಸಂಸಾರಕ್ಕೆ ಕ್ಷಯರೋಗವು ಬಡಿಯಿತು. ತಮ್ಮ ಎಡ್ವರ್ಡನು ೧೮೬೭ರಲ್ಲಿ, ಅಣ್ಣ ಮೆಲ್ವಿಲ್ಲನು ೧೮೭೦ರಲ್ಲಿ ತೀರಿಕೊಂಡರು. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ತಾಯಿತಂದೆಗಳು ಅದೇ ವರ್ಷ ಊರು ಬಿಟ್ಟು ಕೆನಡಾ ದೇಶದ ಬ್ರಾಂಟ್‌ಫರ್ಡಿಗೆ ಬಂದು ನೆಲೆಸಿದರು. ಮರುವರ್ಷ ಬೆಲ್ಲನು ಅಮೆರಿಕದ ಬೋಸ್ಟನ್ ನಗರದಲ್ಲಿ ಕಿವುಡ ಮಕ್ಕಳ ಅಧ್ಯಾಪಕನಾದನು. ೧೮೭೩ರಲ್ಲಿ ಬೋಸ್ಟನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. ಆತನ ಶಿಷ್ಯೆಯರಲ್ಲಿ ಮೇಬಲ್ ಹಬರ್ಡ್ ಎಂಬ ತರುಣಿಯೊಬ್ಬಳಿದ್ದಳು. ಐದರ ಸುಮಾರಿನಲ್ಲಿ ಬಂದ ಜ್ವರದಿಂದ ಆಕೆಯು ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದಳು. ೧೮೭೭ರಲ್ಲಿ ಆಕೆಯು ಬೆಲ್ಲನ ಕೈಹಿಡಿದಳು.

ಹಗಲು ಪಾಠ, ರಾತ್ರಿ ಪ್ರಯೋಗ, ಇದೇ ಆ ದಿನಗಳಲ್ಲಿ ಆತನ ದಿನಚರಿ. ಥಾಮಸ್ ವಾಟ್ಸನ್ ಎಂಬ ಕುಶಲ ಕೆಲಸಗಾರನು ಆತನ ನೆರವಿಗಿದ್ದನು. ೧೮೭೬ರ ಮಾರ್ಚ್ ೭ರಂದು ದೂರವಾಣಿಯ ಹಕ್ಕುಪತ್ರವು ದೊರೆಯಿತು. ೧೦ರಂದು ಮಾನವನ ಮಾತು ತಂತಿಯ ಮೂಲಕ ಮತ್ತೊಂದು ಕೋಣೆಗೆ ಸ್ಪಷ್ಟವಾಗಿ ಕೇಳಿಸಿತು. ಆಗ ಬೆಲ್ಲನಿಗೆ ಇಪ್ಪತ್ತೊಂಬತ್ತು ವರ್ಷ. ೧೮೮೦ರಲ್ಲಿ ಫ್ರಾನ್ಸ್ ದೇಶವು ವೋಲ್ಟಾ ಪಾರಿತೋಷಕವೆಂದು ಐವತ್ತು ಸಾವಿರ ಫ್ರಾಂಕುಗಳನ್ನು ಕೊಟ್ಟಾಗ, ಆ ಹಣದಿಂದ ಆತನು ವಾಷಿಂಗ್‌ಟನ್ನಿನಲ್ಲಿ ಪ್ರಯೋಗಶಾಲೆಯೊಂದನ್ನು ಸ್ಥಾಪಿಸಿದನು.

ಮರುವರ್ಷ, ೧೮೮೧ರ ಜುಲೈ ೨ರಂದು, ಅಮೆರಿಕವು ತಲ್ಲಣಿಸಿತು. ಅಧ್ಯಕ್ಷಪದವಿಗೆ ಬಂದು ನಾಲ್ಕೇ ತಿಂಗಳಾಗಿದ್ದ ಜೇಮ್ಸ್ ಗಾರ್ಫೀಲ್ಡನನ್ನು ವಾಷಿಂಗ್‌ಟನ್ನಿನ ರೈಲು ನಿಲ್ದಾಣದಲ್ಲಿ ಗಿಟೋ ಎಂಬವನು ಹಿಂದಿನಿಂದ ಗುಂಡಿಟ್ಟು ಕೆಡವಿದನು. ಒಂದು ಗುಂಡು ತೋಳನ್ನು ಸವರಿಹೋಯಿತು. ಮತ್ತೊಂದು ಬೆನ್ನನ್ನು ಹೊಕ್ಕು ದೇಹದೊಳಗೆಲ್ಲೋ ಅಡಗಿತು. ಅದೆಲ್ಲಿದೆಯೆಂಬುದೇ ಪ್ರಶ್ನೆ. ಕ್ಷಕಿರಣಗಳನ್ನು ರಾಂಟ್‌ಜನ್ನನು ಕಂಡುಹಿಡಿದದ್ದು ೧೮೯೫ರಲ್ಲಿ; ಆಗಿನ್ನೂ ಹದಿನಾಲ್ಕು ವರ್ಷ ಉಳಿದಿತ್ತು. ವೈದ್ಯರು ಗಾಯದೊಳಕ್ಕೆ ತೊಳೆಯದ ಬೆರಳುಗಳನ್ನೂ ಸಲಾಕಿಗಳನ್ನೂ ತೂರಿಸಿ ಹುಡುಕಿದರು. ಕೈಯನ್ನೂ ಉಪಕರಣಗಳನ್ನೂ ಕ್ರಿಮಿರಹಿತವಾಗಿಸಬೇಕೆಂಬ ಲಿಸ್ಟರನ ಬೋಧೆಯು ಅದಾಗಲೇ ಪ್ರಕಟವಾಗಿದ್ದರೂ, ಅಮೆರಿಕದ ಹಲವು ವೈದ್ಯರು ಅದನ್ನು ಮನ್ನಿಸಿರಲಿಲ್ಲ.

ಬೆಲ್ಲನು ಈ ವಾರ್ತೆಯನ್ನು ಕೇಳಿ ಚಿಂತಿಸಿದನು. ಗುಂಡು ಲೋಹವಷ್ಟೆ, ಲೋಹವು ವಿದ್ಯುತ್ತಿಗೆ ಸ್ಪಂದಿಸುತ್ತದೆ, ಆ ಸ್ಪಂದನವನ್ನು ದೂರವಾಣಿಯಿಂದ ಕೇಳಬಹುದಲ್ಲವೇ? ಹೀಗಾದರೆ ದೇಹವನ್ನು ಕೊಯ್ಯದೆಯೇ ಗುಂಡಿನ ಎಡೆಯನ್ನು ತಿಳಿಯಬಹುದಾಗಿತ್ತು. ಡೇವಿಡ್ ಹ್ಯೂಸ್ ಎಂಬ ವಿಜ್ಞಾನಿಯು ೧೮೭೯ರಲ್ಲಿ ಪ್ರೇರಣ ತಕ್ಕಡಿಯೆಂಬ ಉಪಕರಣವನ್ನು ತೋರಿಸಿದ್ದನು. ಬೆಲ್ಲನು ಅದನ್ನೇ ತಿದ್ದಿ ಬೆಳೆಸಿದನು.

ಇದರ ತತ್ತ್ವವು ಕಠಿನವಾದುದಲ್ಲ. ತಂತಿಯ ಎರಡು ಚಪ್ಪಟೆ ಸುರುಳಿಗಳನ್ನು ತೆಗೆದುಕೊಳ್ಳಿರಿ. ಒಂದರಲ್ಲಿ ತಡೆತಡೆದು ಹರಿಯುವ ವಿದ್ಯುತ್ತನ್ನು ಬಿಟ್ಟರೆ, ಸಮೀಪದ ಮತ್ತೊಂದರಲ್ಲಿಯೂ ವಿದ್ಯುತ್ತು ಪ್ರೇರಿತವಾಗುತ್ತದೆ. ಅದಕ್ಕೆ ಜೋಡಿಸಿದ ದೂರವಾಣಿಯು ಗುಂಯ್‌ಗುಡುತ್ತದೆ. ಈಗ ಒಂದು ಸುರುಳಿಯ ಸ್ವಲ್ಪ ಭಾಗವು ಮತ್ತೊಂದರ ಮೇಲೆ ಬರುವಂತೆ ಮೆಲ್ಲನೆ ಸರಿಸುತ್ತ ಹೋದರೆ, ಒಂದು ಸ್ಥಾನದಲ್ಲಿ ಪರಿಣಾಮಗಳು ಒಂದನ್ನೊಂದು ಅಳಿಸಿ ದೂರವಾಣಿಯು ಮೌನವಾಗುತ್ತದೆ. ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿ ನಿಂತಂತೆ ಇದು. ಆ ಸ್ಥಿತಿಯಲ್ಲಿ ಯಾವುದಾದರೊಂದು ಲೋಹವು ಹತ್ತಿರ ಬಂದಿತೆಂದರೆ ಅದರಲ್ಲಿ ಸುಳಿವಿದ್ಯುತ್ತು ಹುಟ್ಟಿ ಸಮತೋಲನವು ಕೆಡುತ್ತದೆ. ಮೌನವಾಗಿದ್ದ ದೂರವಾಣಿಯು ಮತ್ತೆ ನುಡಿಯುತ್ತದೆ.

ಬೆಲ್ಲನೂ ಆತನ ಸಹಾಯಕ ಟೈಂಟರನೂ ವಾಷಿಂಗ್‌ಟನ್ನಿನ ಬೇಸಿಗೆಯ ಬೇಗೆಯಲ್ಲಿ ಹಗಲಿರುಳೆನ್ನದೆ ದುಡಿದರು. ಮಾಂಸದ ತುಂಡಿನಲ್ಲಿ ಗುಂಡನ್ನು ಹುದುಗಿಸಿ ಪರೀಕ್ಷಿಸಿದರು. ಅಂತರ್ಯುದ್ಧದಲ್ಲಿ ಗಾಯಗೊಂಡು ಮೈಯೊಳಗೆ ಗುಂಡನ್ನು ಹೊತ್ತುಕೊಂಡೇ ಬದುಕುತ್ತಿದ್ದ ಹಳೆಯ ಸೈನಿಕರ ಮೇಲೆಯೂ ಯಂತ್ರವನ್ನು ಆಡಿಸಿ ನೋಡಿದರು. ಯಂತ್ರವು ಗುಂಡನ್ನು ತೋರಿಸಿಕೊಟ್ಟಿತು.

ಜುಲೈ ೨೬ರ ಸಂಜೆ ಬೆಲ್ಲನು ಶ್ವೇತಭವನವನ್ನು ಪ್ರವೇಶಿಸಿದನು. ಹಾಸಿಗೆಯ ಮೇಲಿದ್ದ ಗಾರ್ಫೀಲ್ಡನ ಬಿಳುಪೇರಿದ ಮುಖವನ್ನು ಕಂಡು ಆತನ ಮನಸ್ಸು ಕರಗಿತು. ಆದರೆ ಯಂತ್ರದಿಂದ ಬಂದುದು ಬರಿಯ ಕಲಕಲ ಶಬ್ದ. ಒಂದು ಭಾಗವನ್ನು ಅವಸರದಲ್ಲಿ ತಪ್ಪಾಗಿ ಜೋಡಿಸಲಾಗಿತ್ತು. ಬೆಲ್ಲನು ಅದನ್ನು ಸರಿಪಡಿಸಿ, ಆಗಸ್ಟ್ ೧ರಂದು ಮತ್ತೆ ಬಂದನು. ಈ ಬಾರಿ ಕ್ಷೀಣವಾದ ದನಿಯು ಕೇಳಿಸಿತಾದರೂ ಅದು ಒಂದು ಬಿಂದುವಿನಲ್ಲಿ ನಿಲ್ಲದೆ ವಿಶಾಲವಾದ ಪ್ರದೇಶದಲ್ಲೆಲ್ಲ ಹರಡಿತ್ತು. ಹಾಸಿಗೆಯ ಕೆಳಗೆ ಉಕ್ಕಿನ ತಂತಿಯ ಹೆಣಿಗೆಯಿದ್ದುದು ಬೆಲ್ಲನಿಗೆ ತಿಳಿದುದು ಅನಂತರ. ಸೋಲಿಗೆ ಅದೂ ಕಾರಣವಾಗಿದ್ದಿರಬಹುದೆಂದು ಹಲವರ ಮತ. ಅದಕ್ಕಿಂತ ದೊಡ್ಡ ಕಾರಣ ಬೇರೊಂದಿತ್ತು. ಗುಂಡು ಬಲಭಾಗದಲ್ಲಿಯೇ ಇದೆಯೆಂದು ಮುಖ್ಯವೈದ್ಯ ಬ್ಲಿಸ್ ಮೊದಲೇ ನಿಶ್ಚಯಿಸಿಬಿಟ್ಟಿದ್ದನು. ಆ ಭಾಗವನ್ನಲ್ಲದೆ ಬೇರೆಡೆ ಶೋಧಿಸಲು ಬೆಲ್ಲನಿಗೆ ಅವಕಾಶವೇ ದೊರೆಯಲಿಲ್ಲ. ಅಸ್ಪಷ್ಟವಾದ ಆ ದನಿಯನ್ನೇ ಹಿಡಿದು ತನ್ನ ಊಹೆಯು ದೃಢಪಟ್ಟಿತೆಂದು ವೈದ್ಯನು ಪ್ರಕಟಿಸಿದನು.

ಆ ತಿಂಗಳಲ್ಲಿಯೇ ಬೆಲ್ಲನ ಸ್ವಂತ ಮನೆಗೂ ದುಃಖವು ಬಂದಿತು. ಆಗಸ್ಟ್ ೧೫ರಂದು ಮೇಬಲಳು ಅವಧಿಗೆ ಮುನ್ನವೇ ಗಂಡುಮಗುವನ್ನು ಹಡೆದಳು. ಸರಿಯಾಗಿ ಉಸಿರಾಡಲಾರದೆ ಆ ಕೂಸು ಕೆಲವೇ ಗಂಟೆಗಳಲ್ಲಿ ಕಣ್ಮುಚ್ಚಿತು. ಅಗಲಿದ ತಮ್ಮನ ಹೆಸರನ್ನೇ, ಎಡ್ವರ್ಡ್ ಎಂಬುದನ್ನೇ, ಅದಕ್ಕಿಟ್ಟಿದ್ದರು. ಬೆಲ್ಲನು ಶೋಕದಲ್ಲಿ ಕುಳಿತುಬಿಡಲಿಲ್ಲ. ಉಸಿರಾಡಲಾರದವರ ಎದೆಯ ಸುತ್ತ ಕವಚವನ್ನು ತೊಡಿಸಿ, ಅದರೊಳಗಿನ ಗಾಳಿಯನ್ನು ಎಳೆದು ಬಿಟ್ಟು ಕೃತಕವಾಗಿ ಉಸಿರಾಡಿಸುವ ಸಾಧನವೊಂದನ್ನು ರಚಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಪೋಲಿಯೋ ರೋಗಿಗಳನ್ನು ಕಾಪಾಡಿದ ಕಬ್ಬಿಣದ ಶ್ವಾಸಕೋಶವೆಂಬ ಯಂತ್ರಕ್ಕೆ ಇದು ಪೂರ್ವಜ.

ಇತ್ತ ಗಾರ್ಫೀಲ್ಡನ ದೇಹವು ದಿನೇ ದಿನೇ ಕ್ಷೀಣಿಸಿತು. ಕಡಲ ಗಾಳಿಯಿಂದಲಾದರೂ ಗುಣವಾದೀತೆಂಬ ಆಸೆಯಿಂದ ಸೆಪ್ಟೆಂಬರ್ ೬ರಂದು ಆತನನ್ನು ನ್ಯೂಜರ್ಸಿಯ ಎಲ್ಬರಾನ್ ಎಂಬ ಕಡಲತೀರದ ಊರಿಗೆ ರೈಲಿನಲ್ಲಿ ಕರೆದೊಯ್ದರು. ರೋಗಿಗೆ ಅಲುಗಾಟವಾಗದಿರಲೆಂದು ಜನರು ಒಂದೇ ರಾತ್ರಿಯಲ್ಲಿ ಮನೆಯ ಬಾಗಿಲವರೆಗೂ ಕಂಬಿಗಳನ್ನು ಹಾಸಿಕೊಟ್ಟರು. ಆದರೇನು? ಗುಂಡು ತಗಲಿದ ಎಪ್ಪತ್ತೊಂಬತ್ತನೆಯ ದಿನ, ಸೆಪ್ಟೆಂಬರ್ ೧೯ರ ರಾತ್ರಿ, ಸಮುದ್ರದ ಮೊರೆತವು ಕೇಳುವ ಆ ಮನೆಯಲ್ಲಿ ಗಾರ್ಫೀಲ್ಡನು ಅಸುನೀಗಿದನು. ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ದೇಹದ ಎಡಭಾಗದಲ್ಲಿ ಕಂಡುಬಂದಿತು. ಅದರ ಸುತ್ತ ಪೊರೆಯೊಂದು ಬೆಳೆದು ಅದು ನಿರಪಾಯಕರವಾಗಿ ನೆಲೆಗೊಂಡಿತ್ತು. ಗುಂಡಿಗಿಂತಲೂ ಗಾಯಕ್ಕೆ ಸೇರಿದ ನಂಜೇ ಆತನನ್ನು ಕೊಂದಿತೆಂದು ಇಂದಿನ ತಜ್ಞರು ಹೇಳುತ್ತಾರೆ.

ಬೆಲ್ಲನು ಬೇಕಾಗಿದ್ದರೆ ಈ ಸೋಲನ್ನು ಮರೆಸಿಬಿಡಬಹುದಾಗಿತ್ತು. ಆತನು ಹಾಗೆ ಮಾಡಲಿಲ್ಲ. ನಡೆದ ಪ್ರಯೋಗಗಳನ್ನೆಲ್ಲ, ವಿಫಲವಾದವುಗಳನ್ನೂ ಬಿಡದೆ, ೧೮೮೨ರಲ್ಲಿ ಮಾಂಟ್ರಿಯಲ್ಲಿನ ವಿಜ್ಞಾನಿಗಳ ಸಭೆಯಲ್ಲಿ ವಿವರಿಸಿದನು. ದೂರವಾಣಿಗೆ ಜೋಡಿಸಿದ ಸೂಜಿಯಿಂದ ಗುಂಡನ್ನು ಪತ್ತೆಮಾಡುವ ಇನ್ನೊಂದು ಉಪಕರಣವನ್ನೂ ರಚಿಸಿದನು. ಕ್ಷಕಿರಣಗಳು ಬರುವವರೆಗೂ ಅದು ಶಸ್ತ್ರವೈದ್ಯರಿಗೆ ನೆರವಾಯಿತು.

ಯಂತ್ರದ ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಜರ್ಮನಿಯಿಂದ ಅಮೆರಿಕಕ್ಕೆ ಬಂದ ಗೆರ್ಹಾರ್ಡ್ ಫಿಷರನು, ನೆಲದಲ್ಲಿ ಹುದುಗಿದ ಲೋಹವನ್ನು ಹುಡುಕುವ ಯಂತ್ರಕ್ಕೆ ೧೯೩೭ರಲ್ಲಿ ಹಕ್ಕುಪತ್ರವನ್ನು ಪಡೆದನು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿಯು ಸಿಡಿಗುಂಡುಗಳನ್ನು ಪತ್ತೆಮಾಡುವ ಯಂತ್ರವನ್ನು ರಚಿಸಿದನು. ೧೯೪೨ರ ಎಲ್ ಅಲಮೈನ್ ಕದನದಲ್ಲಿ ಅದು ಮರಳುಗಾಡಿನಲ್ಲಿ ಸೈನ್ಯಕ್ಕೆ ದಾರಿಮಾಡಿಕೊಟ್ಟಿತು. ಯುದ್ಧಾನಂತರ ಟ್ರಾನ್ಸಿಸ್ಟರು ಬಂದು ಯಂತ್ರವು ಹಗುರವಾದಾಗ ಅದು ಹವ್ಯಾಸಿಗಳ ಕೈಗೆ ಬಂದಿತು. ಇಂದಿನ ಅನೇಕ ಯಂತ್ರಗಳ ತಟ್ಟೆಯೊಳಗೂ ಭಾಗಶಃ ಒಂದರ ಮೇಲೊಂದು ಬರುವ ಎರಡು ಸುರುಳಿಗಳಿವೆ. ಬೆಲ್ಲನು ಇಟ್ಟ ರೀತಿಯೇ ಅದು.

ಕಡಲತೀರದಲ್ಲಿ ಈ ಶೋಧಕ್ಕೆ ತಾಳ್ಮೆಯೇ ಬಂಡವಾಳ. ಸ್ನಾನಕ್ಕಿಳಿದವರ ಬೆರಳಿನಿಂದ ಜಾರಿದ ಉಂಗುರಗಳೂ ಜೇಬಿನಿಂದ ಬಿದ್ದ ನಾಣ್ಯಗಳೂ ಮರಳಿನಲ್ಲಿ ಇಳಿಯುತ್ತವೆ. ಅಲೆಗಳು ಮರಳನ್ನು ಕೊರೆದಾಗ ಮತ್ತೆ ಮೇಲಕ್ಕೆ ಸಮೀಪಿಸುತ್ತವೆ. ಇಳಿತದ ವೇಳೆಯನ್ನು ಅರಿತು ಹೊರಟವನಿಗೆ ಫಲವು ಹೆಚ್ಚು. ಉಪ್ಪುನೀರಿನಲ್ಲಿ ನೆನೆದ ಮರಳು ತಾನೇ ವಿದ್ಯುದ್ವಾಹಕವಾದುದರಿಂದ ಯಂತ್ರವು ಸುಳ್ಳು ದನಿಗಳನ್ನು ಹೊರಡಿಸುವುದುಂಟು. ಹತ್ತು ಬಾರಿ ಅಗೆದರೆ ತುಕ್ಕುಹಿಡಿದ ಮೊಳೆಯೂ ಸೀಸೆಯ ಮುಚ್ಚಳವೂ ಸಿಕ್ಕೀತು. ಸಿಕ್ಕಿದುದೆಲ್ಲ ಸಿಕ್ಕವನದೇ ಎಂದೂ ತಿಳಿಯಬಾರದು. ನಮ್ಮ ದೇಶದಲ್ಲಿ ನೆಲದಲ್ಲಿ ಅಡಗಿದ ನಿಧಿಯು ದೊರೆತರೆ ಅಧಿಕಾರಿಗಳಿಗೆ ತಿಳಿಸಬೇಕೆಂದು ೧೮೭೮ರ ಕಾಯಿದೆಯು ವಿಧಿಸಿತು.

ಬೆಲ್ಲನ ಉಳಿದ ಬಾಳೂ ದುಡಿಮೆಯಲ್ಲಿಯೇ ಕಳೆಯಿತು. ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡಿದ್ದ ಬಾಲಿಕೆ ಹೆಲೆನ್ ಕೆಲ್ಲರಳ ತಂದೆಗೆ ೧೮೮೬ರಲ್ಲಿ ದಾರಿತೋರಿದವನು ಆತನೇ. ೧೯೦೩ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯನ್ನು ಆಕೆಯು ಆತನಿಗೇ ಅರ್ಪಿಸಿದಳು. ಆತನ ನೆರವಿನಿಂದ ನಿರ್ಮಾಣವಾದ ವಿಮಾನವೊಂದು ೧೯೦೯ರಲ್ಲಿ ಕೆನಡಾದ ಹೆಪ್ಪುಗಟ್ಟಿದ ಸರೋವರದ ಮೇಲಿನಿಂದ ಹಾರಿತು. ಆತನ ಎಲ್ಲ ಅಭಿಪ್ರಾಯಗಳೂ ಸರಿಯಾಗಿದ್ದುವೆನ್ನಲಾಗದು. ಕಿವುಡರು ಬಾಯಿಮಾತನ್ನೇ ಕಲಿಯಬೇಕೆಂದು ಹಟಹಿಡಿದು ಕೈಸನ್ನೆಯ ಭಾಷೆಯನ್ನು ಆತನು ವಿರೋಧಿಸಿದನು. ಇದರಿಂದ ತಮಗೆ ಹಾನಿಯಾಯಿತೆಂದು ಕಿವುಡ ಸಮಾಜದವರು ಇಂದಿಗೂ ಹೇಳುತ್ತಾರೆ. ಸನ್ನೆಯ ಭಾಷೆಗಳು ಪರಿಪೂರ್ಣ ಭಾಷೆಗಳೇ ಎಂಬುದನ್ನು ಭಾಷಾವಿಜ್ಞಾನಿಗಳು ತರುವಾಯ ಸ್ಥಾಪಿಸಿದ್ದಾರೆ.

೧೯೨೨ರ ಆಗಸ್ಟ್ ೨ರಂದು ಕೆನಡಾದ ನೋವಾಸ್ಕೋಷಿಯಾದಲ್ಲಿ, ತಾನೇ ಕಟ್ಟಿಸಿದ ಮನೆಯಲ್ಲಿ, ಬೆಲ್ಲನು ದೇಹವನ್ನು ಬಿಟ್ಟನು. ಅಂತ್ಯಕ್ರಿಯೆಯ ಸಮಯದಲ್ಲಿ ಉತ್ತರ ಅಮೆರಿಕದ ದೂರವಾಣಿಗಳೆಲ್ಲ ಒಂದು ನಿಮಿಷ ಮೌನವಾಗಿದ್ದುವು.

ವಿದ್ಯಾರ್ಥಿ ಮಿತ್ರರೇ, ಬೆಲ್ಲನ ಯಂತ್ರವು ಗಾರ್ಫೀಲ್ಡನನ್ನು ಉಳಿಸಲಿಲ್ಲ. ಆದರೆ ಯಂತ್ರದಲ್ಲಿದ್ದ ಸತ್ಯವು ಸೋಲಲಿಲ್ಲ. ಉತ್ತರವು ಬಲಗಡೆಯಲ್ಲಿಯೇ ಇದೆಯೆಂದು ಮೊದಲೇ ನಿಶ್ಚಯಿಸಿಕೊಂಡವನಿಗೆ ಎಂಥ ಸೂಕ್ಷ್ಮವಾದ ಯಂತ್ರವೂ ದಾರಿತೋರಲಾರದು. ಎಡಗಡೆಯನ್ನೂ ಹುಡುಕುವ ವಿನಯವು ಇದ್ದವನಿಗೆ ಮರಳಿನೊಳಗಿನ ಸಣ್ಣ ನಾಣ್ಯವೂ ತನ್ನ ಇರವನ್ನು ತಾನೇ ಹೇಳುತ್ತದೆ. ಪ್ರಯೋಗಶಾಲೆಯಲ್ಲಾಗಲಿ, ಪರೀಕ್ಷೆಯ ಕೋಣೆಯಲ್ಲಾಗಲಿ, ಮುಂದೆ ನೀವು ಹಿಡಿಯಲಿರುವ ಯಾವುದೇ ಉದ್ಯೋಗದಲ್ಲಾಗಲಿ, ಈ ಮಾತನ್ನು ನೆನಪಿನಲ್ಲಿಡುವುದು ಒಳಿತು.