ಕೊನೆಯ ಸಾಲಿಗಾಗಿ ಮೂರು ತಂತಿ

ಮತ್ತಿಕೆರೆಯ ನಮ್ಮಂಥ ಹುಡುಗರಿಗೆ ಚೌಡಯ್ಯ ಅಂದರೆ ಮೊದಲಿಗೆ ಒಬ್ಬ ಮನುಷ್ಯ ಅಲ್ಲ, ಒಂದು ಬಿಲ್ಡಿಂಗು. ಯಶವಂತಪುರ ದಾಟಿ, ಟಾಟಾ ಇನ್‌ಸ್ಟಿಟ್ಯೂಟ್ ಪಕ್ಕದಲ್ಲಿ ಹಾದು ಮಲ್ಲೇಶ್ವರದ ಕಡೆ ಹೋದರೆ ಗಾಯತ್ರಿದೇವಿ ಪಾರ್ಕ್ ಬಡಾವಣೆಯಲ್ಲಿ ಪಿಟೀಲಿನ ಆಕಾರದ ಆ ಸಭಾಂಗಣ ಸಿಗುತ್ತದೆ. 1980ರ ನವೆಂಬರ್ 14ರಂದು ಅದರ ಉದ್ಘಾಟನೆಯಾಯಿತು. ಅಲ್ಲಿ ನಾಟಕ ನೋಡಿದ್ದೇವೆ, ಬ್ಯಾಂಡ್‌ಗಳ ಶೋಗೆ ಚಪ್ಪಾಳೆ ತಟ್ಟಿದ್ದೇವೆ, ಹೊರಗೆ ನಿಂತು ಸೆಲ್ಫಿ ತೆಗೆದುಕೊಂಡಿದ್ದೇವೆ. ಒಮ್ಮೆ ಕ್ಲಾಸಿನಲ್ಲಿ ನಾಲ್ಕು ಜನರನ್ನು ಕೇಳಿದೆ, ಚೌಡಯ್ಯ ಯಾರು ಅಂತ. ಒಬ್ಬ ಹಳೇ ಎಂಎಲ್‌ಎ ಇರಬೇಕು ಅಂದ. ಇನ್ನೊಬ್ಬ, ಹಾಲ್ ಕಟ್ಟಿಸಿದ ಕಾಂಟ್ರಾಕ್ಟರ್ ಅಂದ.

ನನಗೆ ಈ ಮನುಷ್ಯನ ಮೇಲೆ ಆಸಕ್ತಿ ಹುಟ್ಟಿದ್ದು ಒಂದು ಸಣ್ಣ ಜಗಳದಿಂದ. ನಾನು ಏಳು ವರ್ಷ ಪಿಟೀಲು ಕಲಿತವನು. ಈಗ ಸ್ನೇಹಿತರ ಜೊತೆ ನ್ಯೂ ಬಿಇಎಲ್ ರಸ್ತೆಯ ಕೆಫೆಗಳಲ್ಲಿ ಆಗಾಗ ನುಡಿಸುತ್ತೇನೆ. ಡ್ರಮ್ಸ್, ಗಿಟಾರಿನ ನಡುವೆ ಪಿಟೀಲು ಎಲ್ಲಿ ಕೇಳಿಸಬೇಕು? ಹಾಗಾಗಿ ಕುದುರೆಯ ಪಕ್ಕ ಒಂದು ಪಿಕಪ್ ಅಂಟಿಸಿದೆ. ಅದನ್ನು ನೋಡಿದ ಹಿರಿಯ ಸಂಗೀತಗಾರರೊಬ್ಬರು ವಾದ್ಯ ಕೆಡಿಸಿಬಿಟ್ಟೆ, ಸಂಪ್ರದಾಯ ಅನ್ನೋದು ಬೇಡವಾ ಎಂದು ಎಲ್ಲರ ಮುಂದೆ ಬೈದರು. ಬೈಸಿಕೊಂಡ ಮೇಲೆ ಸಂಪ್ರದಾಯ ಅಂದರೆ ಏನೆಂದು ಓದಲು ಕೂತೆ. ಓದುತ್ತಾ ಸಿಕ್ಕವರು ಮೈಸೂರು ಟಿ. ಚೌಡಯ್ಯ.

1895ರ ಜನವರಿ 1ರಂದು ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿದರು. ಕಾವೇರಿ, ಕಪಿಲೆ ಕೂಡುವ ಊರು. ಅವರ ಹೆಸರಿನ ಮುಂದಿನ ಟಿ ಅಂದರೆ ಆ ಊರೇ. ಮುಂದೆ ತಾವೇ ಕೃತಿಗಳನ್ನು ರಚಿಸಿದಾಗಲೂ ತ್ರಿಮಕುಟ ಎಂಬ ಅಂಕಿತ ಇಟ್ಟುಕೊಂಡು ಊರನ್ನು ಒಳಗೆ ಸೇರಿಸಿಕೊಂಡರು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. ಕರ್ನಾಟಕ ಸಂಗೀತದ ವೇದಿಕೆಗೆ ಆ ಕಾಲದಲ್ಲಿ ಗೌಡರ ಮನೆಯ ಹುಡುಗರು ಬರುತ್ತಿದ್ದುದು ಅಪರೂಪ. ಈ ಮಾತನ್ನು ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಅದು ಅಷ್ಟು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

1910ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ಶಿಷ್ಯರಾಗಿ ಸೇರಿದರು. ಇಲ್ಲೊಂದು ಸ್ವಾರಸ್ಯ ಇದೆ. ಕೃಷ್ಣಪ್ಪನವರು ಹೆಸರಾದದ್ದು ಹಾಡುಗಾರಿಕೆಗೆ. ಕರಾವಳಿಯ ನಂದಳಿಕೆಯಿಂದ ಬಡತನ ಹೊತ್ತು ಬಂದು ಮೈಸೂರಿನಲ್ಲಿ ದೊಡ್ಡ ಗಾಯಕರಾದವರು, ಕಛೇರಿಯಲ್ಲಿ ದಾಸರ ಪದಗಳಿಗೆ ಗೌರವದ ಜಾಗ ಕೊಟ್ಟವರು. ಗಾಯಕರ ಹತ್ತಿರ ಪಿಟೀಲು ಕಲಿತರೆ ಬೆರಳು ಎಲ್ಲಿಡಬೇಕು ಅನ್ನುವುದಕ್ಕಿಂತ ಮೊದಲು ಹಾಡು ಹೇಗೆ ಉಸಿರಾಡುತ್ತದೆ ಅನ್ನುವುದು ಕಿವಿಗೆ ಬೀಳುತ್ತದೆ. ಚೌಡಯ್ಯನವರ ಉದ್ದುದ್ದ ಕಮಾನಿನ ಮೂಲ ಅಲ್ಲಿದೆ ಅಂತ ನನ್ನ ಊಹೆ. ನಮ್ಮ ಬಿಇ ಎಂಟು ಸೆಮಿಸ್ಟರ್. ಅವರದು 1918ರವರೆಗೆ ಎಂಟು ವರ್ಷ. ಗುರು ಬಹಳ ಕಟ್ಟುನಿಟ್ಟಿನವರು. ನಮಗೆ ಸಿಗುವ ಇಂಟರ್ನಲ್ಸ್ ಗ್ರೇಸ್ ಮಾರ್ಕ್ಸ್ ಅಲ್ಲಿ ಇದ್ದಿರಲಾರದು.

ಕಲಿತ ಮೇಲೆ ಗುರುಗಳಿಗೇ ಪಕ್ಕವಾದ್ಯ ನುಡಿಸುತ್ತಾ ಊರೂರು ಸುತ್ತಿದರು. ಪಕ್ಕವಾದ್ಯದವರ ಕೆಲಸ ಹೊರಗಿನಿಂದ ಕಂಡಷ್ಟು ಸುಲಭದ್ದಲ್ಲ. ರಿಹರ್ಸಲ್ ಇಲ್ಲ, ಮುಂದೆ ಯಾವ ರಾಗ ಬರುತ್ತದೋ ಗೊತ್ತಿಲ್ಲ. ಗಾಯಕರು ಹಾಡಿದ ಸಂಗತಿಯನ್ನು ಮರುಕ್ಷಣ ನೆರಳಿನ ಹಾಗೆ ಹಿಡಿಯಬೇಕು, ಅವರಿಗಿಂತ ಜೋರಾಗಬಾರದು, ಕೇಳಿಸದೆಯೂ ಹೋಗಬಾರದು.

ಕೇಳಿಸದೆ ಹೋಗುವುದೇ ಆಗಿನ ದೊಡ್ಡ ಸಮಸ್ಯೆ. 1920ರ ದಶಕದ ಕಛೇರಿಯನ್ನು ಕಲ್ಪಿಸಿಕೊಳ್ಳಿ. ದೇವಸ್ಥಾನದ ಪ್ರಾಕಾರವೋ, ರಾಮೋತ್ಸವದ ಚಪ್ಪರವೋ, ಮದುವೆ ಮನೆಯೋ ಇರುತ್ತದೆ. ಮೈಕ್ ಇಲ್ಲ. ನಾಲ್ಕೈದು ಗಂಟೆಯ ಹಾಡುಗಾರಿಕೆ, ಪಕ್ಕದಲ್ಲಿ ಮೃದಂಗ, ಜೊತೆಗೆ ಮಕ್ಕಳ ಅಳು. ಗಾಯಕರು ಏರು ಶ್ರುತಿಯಲ್ಲಿ ಗಂಟಲು ತೆರೆದು ಹಾಡಿ ಹೇಗೋ ಹಿಂದಿನ ಸಾಲು ಮುಟ್ಟಿಬಿಡುತ್ತಿದ್ದರು. ಪಿಟೀಲು ಮಾತ್ರ ಅರ್ಧ ದಾರಿಯಲ್ಲೇ ಕರಗಿ ಹೋಗುತ್ತಿತ್ತು. ಅದಕ್ಕೆ ಕಾರಣವೂ ಇದೆ. ನಮ್ಮ ಪದ್ಧತಿಯಲ್ಲಿ ಪಿಟೀಲನ್ನು ಗಾಯಕರ ಶ್ರುತಿಗೆ ಇಳಿಸಿಕೊಳ್ಳುತ್ತೇವೆ. ಇಳಿಸಿದರೆ ತಂತಿ ಸಡಿಲ, ಸಡಿಲವಾದರೆ ಸದ್ದು ಕಡಿಮೆ.

1927ರ ಹೊತ್ತಿಗೆ ಚೌಡಯ್ಯನವರು ಇದಕ್ಕೊಂದು ಪರಿಹಾರ ಕಂಡುಕೊಂಡರು. ನಾಲ್ಕು ತಂತಿಗಳಲ್ಲಿ ಒಂದನ್ನು ಒಂಟಿಯಾಗಿ ಬಿಟ್ಟು, ಉಳಿದ ಮೂರಕ್ಕೆ ಒಂದೊಂದು ಜೊತೆ ತಂತಿ ಕಟ್ಟಿದರು. ಒಟ್ಟು ಏಳಾಯಿತು. ಒಂದು ಬೆರಳು ಒತ್ತಿದರೆ ಎರಡು ತಂತಿ, ಒಂದು ಕಮಾನು ಎಳೆದರೆ ಎರಡು ನಾದ. ಜೊತೆ ತಂತಿಯ ಗುಟ್ಟು ಅದರ ಸ್ಥಾಯಿಯಲ್ಲಿತ್ತು, ಒಂದು ತಂತಿ ಕೆಳಗಿನ ಷಡ್ಜ ಹಿಡಿದರೆ ಅದರ ಜೊತೆಗಾರ ಮೇಲಿನ ಷಡ್ಜ.

ಇಲ್ಲಿ ನನ್ನೊಳಗಿನ ಎಂಜಿನಿಯರಿಂಗ್ ವಿದ್ಯಾರ್ಥಿ ಕೈ ಎತ್ತುತ್ತಾನೆ. ಒಂದೇ ಬಲದ ಎರಡು ಮೂಲಗಳಿಂದ ಸದ್ದು ಬಂದರೆ ಏರಿಕೆ ಬರೀ 3 ಡೆಸಿಬಲ್. ಬಯಲಿನಲ್ಲಿ ದೂರ ಎರಡು ಪಟ್ಟಾದಾಗ ಕಳೆದುಹೋಗುವುದು 6 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು. ಅಂದರೆ ಲೆಕ್ಕದ ಪ್ರಕಾರ ತಂತಿ ಇಮ್ಮಡಿ ಮಾಡಿದ ಮಾತ್ರಕ್ಕೆ ಕೊನೆಯ ಸಾಲು ಮುಟ್ಟುವುದು ಕಷ್ಟ. ಹಾಗಾದರೆ ಮುಟ್ಟಿದ್ದು ಹೇಗೆ? ನನ್ನ ಪ್ರಕಾರ ಉತ್ತರ ಆ ಮೇಲಿನ ಸ್ಥಾಯಿಯಲ್ಲಿದೆ. ನಮ್ಮ ಕಿವಿ ಎಲ್ಲ ಕಂಪನಾಂಕಗಳನ್ನೂ ಒಂದೇ ರೀತಿ ಕೇಳುವುದಿಲ್ಲ. 2000ದಿಂದ 5000 ಹರ್ಟ್ಸ್ ನಡುವೆ ಅದು ತುಂಬ ಚುರುಕು. ಮೇಲಿನ ಸ್ಥಾಯಿಯ ತಂತಿ ಸೇರಿದಾಗ ಆ ಭಾಗಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ, ನಾದಕ್ಕೆ ಒಂದು ಹೊಳಪು, ಒಂದು ಅಂಚು ಬರುತ್ತದೆ. ಗುಂಪಿನ ಗದ್ದಲವನ್ನು ಸೀಳಿಕೊಂಡು ಹೋಗುವುದು ಆ ಅಂಚು. ಹನ್ನೆರಡು ತಂತಿಯ ಗಿಟಾರ್ ನುಡಿಸಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ, ಅದರಲ್ಲೂ ಕೆಳಗಿನ ನಾಲ್ಕು ಜೋಡಿಗಳು ಹೀಗೇ ಸ್ಥಾಯಿ ಅಂತರದಲ್ಲಿರುತ್ತವೆ. ನಾವು ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಟ್ರ್ಯಾಕ್ ತೆಳುವಾಗಿದೆ ಅನ್ನಿಸಿದಾಗ ಅದನ್ನೇ ಒಂದು ಸ್ಥಾಯಿ ಮೇಲೆ ನುಡಿಸಿ ಲೇಯರ್ ಮಾಡುತ್ತೇವಲ್ಲ, ಚೌಡಯ್ಯನವರು ಅದನ್ನು ಮರ ಮತ್ತು ತಂತಿಯಲ್ಲಿ, ಲೈವ್ ಆಗಿ ಮಾಡುತ್ತಿದ್ದರು.

ಹೇಳಿದಷ್ಟು ಸುಲಭದ ಕೆಲಸವೂ ಅಲ್ಲ. ಏಳು ತಂತಿಗೆ ಏಳು ಬಿರಡೆ ಬೇಕು. ಜೋಡಿಯ ಎರಡೂ ತಂತಿ ಕುದುರೆಯ ಮೇಲೆ ಅಕ್ಕಪಕ್ಕ ಸಮನಾಗಿ ಕೂರಬೇಕು. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಎರಡು ನಾದ ಒಂದಕ್ಕೊಂದು ಉಜ್ಜಿ ಅಲೆ ಅಲೆಯಾಗಿ ನಡುಗುತ್ತವೆ. 2 ಹರ್ಟ್ಸ್ ವ್ಯತ್ಯಾಸ ಅಂದರೆ ಸೆಕೆಂಡಿಗೆ ಎರಡು ನಡುಕ. ಅದರ ಮೇಲೆ ನಮ್ಮ ಗಮಕ ಬೇರೆ. ಬೆರಳು ಜಾರುವಾಗ ದಪ್ಪದ ತಂತಿಯೂ ಸಣ್ಣ ತಂತಿಯೂ ಒಟ್ಟಿಗೆ ಜಾರಬೇಕು. ನನ್ನ ನಾಲ್ಕು ತಂತಿಯ ಪಿಟೀಲಿನಲ್ಲಿ ತೋಡಿಯ ಗಾಂಧಾರ ಸರಿಯಾಗಿ ಕೂರಿಸಲು ನನಗೆ ಎರಡು ವರ್ಷ ಬೇಕಾಯಿತು.

ಚೌಡಯ್ಯನವರ ಒಂದು ಹಳೆಯ ಕಪ್ಪು ಬಿಳುಪು ಫೋಟೊವನ್ನು ಫೋನಿನಲ್ಲಿ ಝೂಮ್ ಮಾಡಿ ಬಿರಡೆ ಎಣಿಸಲು ಪ್ರಯತ್ನಿಸಿದೆ. ಒಂದು ಪಕ್ಕದ್ದು ಕಾಣುತ್ತದೆ, ಇನ್ನೊಂದು ಪಕ್ಕ ನೆರಳಿನಲ್ಲಿ ಮುಳುಗಿದೆ. ನಮ್ಮ ಗುಂಪಿನಲ್ಲಿ ಗಿಗ್ ಫೋಟೊ ತೆಗೆಯುವ ಗೆಳತಿ ಪಕ್ಕದಲ್ಲೇ ಇದ್ದಳು. ಫೋಟೊಗ್ರಾಫರ್ ಮುಖಕ್ಕೆ ಬೆಳಕು ಕೊಟ್ಟಿದ್ದಾನೆ, ವಾದ್ಯಕ್ಕೆ ಕೊಟ್ಟಿಲ್ಲ ಎಂದು ಗೊಣಗಿದಳು. ಅಂದಿನಿಂದ ಅವಳು ನಮ್ಮ ಶೋಗಳಲ್ಲಿ ಕೈ ಮತ್ತು ವಾದ್ಯದ ಫೋಟೊಗಳನ್ನೂ ತಪ್ಪದೆ ತೆಗೆಯುತ್ತಾಳೆ. ಐವತ್ತು ವರ್ಷ ಬಿಟ್ಟು ಯಾರಾದರೂ ಬಿರಡೆ ಎಣಿಸಲು ಬರಬಹುದಂತೆ.

ಏಳು ತಂತಿಯನ್ನು ಆಗಲೂ ಎಲ್ಲರೂ ಒಪ್ಪಲಿಲ್ಲ. ಆದರೆ ಸಂಪ್ರದಾಯದ ಹೆಸರಿನಲ್ಲಿ ಆಕ್ಷೇಪ ಎತ್ತುವಾಗ ಒಂದು ಮಾತು ನೆನಪಿಡಬೇಕು. ಪಿಟೀಲು ನಮ್ಮ ನೆಲದ್ದೇ ಅಲ್ಲ. ಹತ್ತೊಂಬತ್ತನೇ ಶತಮಾನದ ಆರಂಭದ ಸುಮಾರಿಗೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಯುರೋಪಿನವರು ಗದ್ದದ ಕೆಳಗೆ ಹಿಡಿದದ್ದನ್ನು ನಾವು ನೆಲದ ಮೇಲೆ ಕೂತು ಎದೆ ಮತ್ತು ಪಾದದ ನಡುವೆ ಇಟ್ಟುಕೊಂಡೆವು, ಶ್ರುತಿ ಬದಲಿಸಿದೆವು. ಹೀಗೆ ಒಮ್ಮೆ ಬದಲಾಗಿಯೇ ನಮ್ಮದಾದ ವಾದ್ಯವನ್ನು ಚೌಡಯ್ಯನವರು ಇನ್ನೊಮ್ಮೆ ಬದಲಿಸಿದರು, ಅಷ್ಟೆ. ಹಿರಿಯರು ಬೈದ ದಿನ ನನಗೆ ಈ ಮಾತು ಗೊತ್ತಿದ್ದರೆ ಚೆನ್ನಾಗಿತ್ತು. ಗೊತ್ತಿದ್ದರೂ ಅವರ ಎದುರು ಹೇಳುವ ಧೈರ್ಯ ಬರುತ್ತಿತ್ತೋ ಇಲ್ಲವೋ, ಅದು ಬೇರೆ ವಿಷಯ.

ಮುಂದಿನ ಕತೆ ಏರುಮುಖದ್ದು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಸೆಮ್ಮಂಗುಡಿ, ಜಿ.ಎನ್.ಬಿ ಹೀಗೆ ಆ ಕಾಲದ ದೊಡ್ಡ ಗಾಯಕರ ಪಕ್ಕದಲ್ಲೆಲ್ಲ ಅವರು ಕೂತರು. ಅದರಲ್ಲೂ ಚೆಂಬೈ ಅವರ ಕಂಚಿನ ಕಂಠಕ್ಕೆ ಏಳು ತಂತಿ ಸರಿಜೋಡಿಯಾಗಿತ್ತು. ಮೈಸೂರು ಆಸ್ಥಾನದ ಮನ್ನಣೆ ಬಂತು. ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೈ, ಚೌಡಯ್ಯ ಈ ಮೂವರನ್ನು ಪಿಟೀಲಿನ ತ್ರಿಮೂರ್ತಿಗಳು ಎಂದು ಜನ ಕರೆದರು. ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಈ ಮೂವರಲ್ಲಿ ಕೊನೆಗೆ ಬಂದದ್ದು ನಮ್ಮವರಿಗೆ, 1957ರಲ್ಲಿ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ನಡೆಸಿದರು, ಶಿಷ್ಯರನ್ನು ಬೆಳೆಸಿದರು.

ನಡುವೆ ಒಂದು ಸಿನಿಮಾನೂ ಇದೆ. 1943ರ ವಾಣಿ. ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ, ಪಂಢರೀಬಾಯಿಯವರು ಮೊದಲ ಬಾರಿ ತೆರೆಗೆ ಬಂದ ಚಿತ್ರ. ಚೌಡಯ್ಯನವರು ಅದರ ನಿರ್ಮಾಣಕ್ಕೂ ಕೈ ಹಾಕಿದರು, ನಟಿಸಿಯೂ ನಟಿಸಿದರು. ಅದರಲ್ಲಿ ಚೆಂಬೈ ಹಾಡುವ, ಚೌಡಯ್ಯ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ ನುಡಿಸುವ ಒಂದು ಕಛೇರಿ ದೃಶ್ಯ ಇದೆ. ನಲವತ್ತೆಂಟರ ಮನುಷ್ಯ ಕಮಾನನ್ನು ಬುಡದಿಂದ ತುದಿಯವರೆಗೆ ಎಳೆಯುವ ರೀತಿ ನೋಡಬೇಕು. ನಾವು ಕೆಫೆಯಲ್ಲಿ ನುಡಿಸುವಾಗ ಅರ್ಧ ಕಮಾನಿನಲ್ಲೇ ಕೆಲಸ ಮುಗಿಸುತ್ತೇವೆ, ಉಳಿದದ್ದನ್ನು ಆಂಪ್ಲಿಫೈಯರ್ ನೋಡಿಕೊಳ್ಳುತ್ತದೆ ಅನ್ನುವ ಧೈರ್ಯ. ಆ ದೃಶ್ಯ ನೋಡಿದ ಮೇಲೆ ನಾನು ಮನೆಯಲ್ಲಿ ಅಭ್ಯಾಸ ಮಾಡುವಾಗ ಪಿಕಪ್‌ನ ವೈರ್ ತೆಗೆದಿಟ್ಟು ಕೂರುತ್ತಿದ್ದೇನೆ. ಹೊರಗೆ ಯಶವಂತಪುರದ ಕಡೆಯಿಂದ ರೈಲಿನ ಹಾರ್ನ್, ಕೆಳಗೆ ಸೊಪ್ಪಿನವನ ಕೂಗು. ಇವೆರಡನ್ನೂ ಮೀರಿ ಪಕ್ಕದ ರೂಮಿಗೆ ಪಿಟೀಲು ಕೇಳಿಸಿತಾ ಎಂದು ಅಮ್ಮನನ್ನು ಕೇಳುತ್ತೇನೆ. ಕೆಲವು ದಿನ ಕೇಳಿಸಿತು ಅನ್ನುತ್ತಾರೆ.

ಚೌಡಯ್ಯನವರ ಬಾಳಿನ ಎರಡನೇ ಅರ್ಧದಲ್ಲಿ ಮೈಕ್ ಬಂತು. ಸಭೆಗಳಿಗೆ ಬಂತು, ರೇಡಿಯೊಗೆ ಬಂತು, ರಾಮೋತ್ಸವದ ಚಪ್ಪರಕ್ಕೂ ಬಂತು. ಗಾಯಕರು ಶ್ರುತಿ ಇಳಿಸಿಕೊಂಡರು, ಮೆಲುದನಿಯಲ್ಲೂ ಹಾಡಬಹುದು ಅನ್ನುವಂತಾಯಿತು. ಯಾವ ತೊಂದರೆಗೆ ಪರಿಹಾರವಾಗಿ ಮೂರು ತಂತಿ ಸೇರಿತ್ತೋ ಆ ತೊಂದರೆಯೇ ಉಳಿಯಲಿಲ್ಲ. ಅವರ ನಂತರ ಏಳು ತಂತಿಯ ಪಿಟೀಲು ಹೆಚ್ಚು ದೂರ ನಡೆಯಲಿಲ್ಲ. ಈಗ ಕಲಿಯುವವರೆಲ್ಲ ನಾಲ್ಕರಲ್ಲೇ ಕಲಿಯುತ್ತಾರೆ, ನಾನೂ ಹಾಗೇ. ನಮ್ಮ ಕ್ಲಾಸಿನಲ್ಲಿ ಹೇಳುವ ಪ್ರಕಾರ, ಅಗತ್ಯ ಹೋದ ಮೇಲೆ ಫೀಚರ್ ತೆಗೆದುಹಾಕಬೇಕು.

ಅವರು ತೆಗೆಯಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಇದೇ. ಮುಂದೆ ಮೈಕ್ ಇದ್ದಾಗಲೂ, ರೆಕಾರ್ಡಿಂಗ್‌ಗೆ ಕೂತಾಗಲೂ ಏಳು ತಂತಿಯನ್ನೇ ನುಡಿಸಿದರು. 1967ರ ಜನವರಿ 19ರಂದು, ಎಪ್ಪತ್ತೆರಡರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರ ಹೆಸರು ಆ ವಾದ್ಯದೊಂದಿಗೇ ಇತ್ತು. ಹಟ ಅನ್ನಬಹುದು. ಆದರೆ ಹಳೆಯ ರೆಕಾರ್ಡಿಂಗ್‌ಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ನನಗೆ ಬೇರೆ ಅನ್ನಿಸಿತು. ಕರಕರ ಸದ್ದಿನ ನಡುವೆ ಅವರ ಪಿಟೀಲು ಶುರುವಾದ ಕೂಡಲೇ ಗೊತ್ತಾಗುತ್ತದೆ. ಒಂದೇ ಸ್ವರದಲ್ಲಿ ತಂದೆ, ಮಗ ಇಬ್ಬರೂ ಒಟ್ಟಿಗೆ ಹಾಡಿದ ಹಾಗೆ ಕೆಳಗೊಂದು ಭಾರ, ಮೇಲೊಂದು ಹೊಳಪು. ದೂರದವರಿಗೆ ಕೇಳಿಸಲಿ ಅಂತ ಮಾಡಿದ್ದು ಅಷ್ಟು ಹೊತ್ತಿಗೆ ಅವರ ದನಿಯೇ ಆಗಿಹೋಗಿತ್ತು. ಎರಡು ಇಂಚು ದೂರದಲ್ಲಿ, ನನ್ನ ಕಿವಿಯಲ್ಲಿ ಮಾತ್ರ ಕೇಳುತ್ತಿದ್ದರೂ ಆ ಮೂರು ತಂತಿ ಹೆಚ್ಚುವರಿ ಅನ್ನಿಸುವುದಿಲ್ಲ.