ಮರಳಿನೊಳಗಿನ ಹರಿವನ್ನು ಅಳೆದ ಹೆನ್ರಿ ಡಾರ್ಸಿ

ಒಂದು ಲೋಟ ನೀರನ್ನು ಮರಳಿನ ಮೇಲೆ ಸುರಿಯಿರಿ. ಇನ್ನೊಂದು ಲೋಟ ನೀರನ್ನು ಜೇಡಿಮಣ್ಣಿನ ಮೇಲೆ ಸುರಿಯಿರಿ. ಮರಳಿನಲ್ಲಿ ನೀರು ಕೂಡಲೇ ಇಂಗುತ್ತದೆ. ಜೇಡಿಮಣ್ಣಿನ ಮೇಲೆ ನಿಂತೇ ಇರುತ್ತದೆ. ಇದನ್ನು ನೋಡದವರು ಯಾರಿದ್ದಾರೆ? ಆದರೆ ಎಷ್ಟು ನೀರು, ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ ಎಂದು ಅಳೆದು ನಿಯಮ ಕೊಟ್ಟವರು ಫ್ರಾನ್ಸ್ ದೇಶದ ಎಂಜಿನಿಯರ್ ಹೆನ್ರಿ ಡಾರ್ಸಿ.

ಡಾರ್ಸಿ ಹುಟ್ಟಿದ್ದು 1803ರ ಜೂನ್ 10ರಂದು, ಡಿಜಾನ್ ನಗರದಲ್ಲಿ. 14ನೇ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ತಾಯಿ ಮಗನ ಓದು ನಿಲ್ಲಲು ಬಿಡಲಿಲ್ಲ. ಪ್ಯಾರಿಸ್‌ನಲ್ಲಿ ಎಂಜಿನಿಯರಿಂಗ್ ಕಲಿತು, ಸರ್ಕಾರಿ ಕೆಲಸಕ್ಕೆ ಸೇರಿ, ತಮ್ಮ ಊರಿಗೇ ಬಂದರು.

ಆಗ ಡಿಜಾನ್ ಜನ ಕುಡಿಯುತ್ತಿದ್ದುದು ಕೊಳಕು ನೀರು. ಡಾರ್ಸಿ ದೂರದ ರೊಸ್ವಾರ್ ಬುಗ್ಗೆಯಿಂದ 12 ಕಿ.ಮೀ.ಗೂ ಹೆಚ್ಚು ಉದ್ದದ ಮುಚ್ಚಿದ ಕಾಲುವೆ ಕಟ್ಟಿಸಿದರು. ಪಂಪು ಬೇಕಿರಲಿಲ್ಲ, ಇಳಿಜಾರಿನಲ್ಲಿ ನೀರು ತಾನಾಗಿಯೇ ಹರಿಯುತ್ತಿತ್ತು. 1840ರಲ್ಲಿ ಶುದ್ಧ ನೀರು ಊರು ತಲುಪಿತು. ತಮಗೆ ಸಲ್ಲಬೇಕಿದ್ದ ದೊಡ್ಡ ಸಂಭಾವನೆಯನ್ನು ಅವರು ಮುಟ್ಟಲಿಲ್ಲ.

1848ರಲ್ಲಿ ಫ್ರಾನ್ಸ್‌ನಲ್ಲಿ ಕ್ರಾಂತಿಯಾಯಿತು. ಹೊಸ ಸರ್ಕಾರ ಡಾರ್ಸಿಯವರನ್ನು ಡಿಜಾನ್‌ನಿಂದ ಎತ್ತಂಗಡಿ ಮಾಡಿತು. ಮುಂದೆ ಪ್ಯಾರಿಸ್‌ನಲ್ಲಿ ದುಡಿದರು. ಆರೋಗ್ಯ ಕೆಟ್ಟಿತು. 1855ರ ಹೊತ್ತಿಗೆ ಊರಿಗೆ ಮರಳಿದರು. ಕಾಯಿಲೆಯಾದವರು ವಿಶ್ರಾಂತಿ ಪಡೆಯುತ್ತಾರೆ, ಅಲ್ಲವೇ? ಇವರು ಆಸ್ಪತ್ರೆಯ ಅಂಗಳದಲ್ಲಿ ಪ್ರಯೋಗಕ್ಕೆ ನಿಂತರು!

ಸುಮಾರು ಮೂರೂವರೆ ಮೀಟರ್ ಎತ್ತರದ ಕೊಳವೆಯನ್ನು ನಿಲ್ಲಿಸಿ, ಅದರೊಳಗೆ ಸೋನ್ ನದಿಯ ಮರಳು ತುಂಬಿಸಿದರು. ಮೇಲಿನಿಂದ ನೀರು ಬಿಟ್ಟು, ಕೆಳಗೆ ಬಂದದ್ದನ್ನು ಅಳೆದರು. ಮೇಲಿನ ಮತ್ತು ಕೆಳಗಿನ ನೀರಿನ ಮಟ್ಟದ ವ್ಯತ್ಯಾಸ ಎರಡರಷ್ಟಾದರೆ ಹರಿವೂ ಎರಡರಷ್ಟಾಗುತ್ತದೆ. ಮರಳಿನ ಪದರ ಎರಡರಷ್ಟು ದಪ್ಪವಾದರೆ ಹರಿವು ಅರ್ಧವಾಗುತ್ತದೆ. ಇದೇ ಡಾರ್ಸಿ ನಿಯಮ. ಇದು 1856ರಲ್ಲಿ ಅವರ ಪುಸ್ತಕದಲ್ಲಿ ಅಚ್ಚಾಯಿತು. 1858ರ ಜನವರಿ 3ರಂದು, 54ನೇ ವಯಸ್ಸಿನಲ್ಲಿ ಡಾರ್ಸಿ ತೀರಿಕೊಂಡರು.

ಡಾರ್ಸಿ ಯೋಚಿಸಿದ್ದು ಕುಡಿಯುವ ನೀರಿನ ಬಗ್ಗೆ. ಆದರೆ ಈಗ ಅವರ ನಿಯಮ ಭೂಮಿಯ ಆಳದ ತೈಲ, ಅನಿಲಗಳ ಲೆಕ್ಕಕ್ಕೂ ಬೇಕು. ಶಿಲೆಯೊಳಗೆ ದ್ರವ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆಯುವ ಮಾನಕ್ಕೆ ಡಾರ್ಸಿ ಎಂದೇ ಹೆಸರು. ಜೇಡಿ ಗಟ್ಟಿಯಾಗಿ ಉಂಟಾದ ಶೇಲ್ ಶಿಲೆಯಲ್ಲಿ ಈ ಅಳತೆ ಅನೇಕ ಕಡೆ ಒಂದು ಡಾರ್ಸಿಯ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ! ಒಳಗಿನ ಅನಿಲ ಹೊರಬರುವುದಾದರೂ ಹೇಗೆ?

ಅಮೆರಿಕದಂತಹ ದೇಶಗಳಲ್ಲಿ ಭಾರಿ ಒತ್ತಡದಿಂದ ನೀರು ನುಗ್ಗಿಸಿ ಶೇಲ್‌ನಲ್ಲಿ ಬಿರುಕು ಮೂಡಿಸುತ್ತಾರೆ. ಒತ್ತಡ ಇಳಿದಾಗ ಸುತ್ತಲಿನ ಶಿಲೆಯ ಭಾರ ಬಿರುಕನ್ನು ಮತ್ತೆ ಮುಚ್ಚಲು ನೋಡುತ್ತದೆ. ಅದಕ್ಕಾಗಿ ನೀರಿನೊಡನೆ ಮರಳನ್ನೂ ಕಳಿಸುತ್ತಾರೆ. ಮರಳಿನ ಕಣಗಳು ಬಿರುಕಿಗೆ ಊರುಗೋಲಾಗುತ್ತವೆ. ನೋಡಿ, ಇಲ್ಲೂ ಮರಳೇ!

ಕಿಲೋಮೀಟರ್‌ಗಟ್ಟಲೆ ಆಳಕ್ಕೆ ಇಳಿದು ನೋಡುವವರು ಯಾರು? ಆದ್ದರಿಂದ ಕಂಪ್ಯೂಟರ್‌ನಲ್ಲಿ ಶಿಲೆಯ ಮಾದರಿ ಮಾಡಿ, ಅದನ್ನು ಸಾವಿರಾರು ಪುಟ್ಟ ಚೌಕಗಳಾಗಿ ವಿಂಗಡಿಸುತ್ತಾರೆ. ಒಂದು ಚೌಕದಿಂದ ಪಕ್ಕದ್ದಕ್ಕೆ ಎಷ್ಟು ಹರಿಯುತ್ತದೆ ಎಂಬುದಕ್ಕೆ ಡಾರ್ಸಿ ನಿಯಮವೇ ಆಧಾರ. ತೆರೆದ ಬಿರುಕಿಗೆ ಮಾತ್ರ ಲೆಕ್ಕ ಬೇರೆ. ಅದರ ಅಗಲ ಅರ್ಧವಾದರೆ ಹರಿವು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಕಾಲ ಕಳೆದಂತೆ ಮರಳಿನ ಕಣಗಳು ಪುಡಿಯಾಗಬಹುದು, ಶಿಲೆಯೊಳಗೆ ಹೂತುಹೋಗಬಹುದು. ಆಗ ಬಿರುಕು ಎಷ್ಟು ಕಿರಿದಾದೀತು, ಬಾವಿಗೆ ಎಷ್ಟು ಅನಿಲ ಬಂದೀತು ಎಂದು ಕಂಪ್ಯೂಟರ್ ಮುಂಚೆಯೇ ಲೆಕ್ಕ ಹಾಕಿ ತೋರಿಸುತ್ತದೆ.