ಉಗಿ ಮನುಷ್ಯನ ಕಥೆ ಬರೆದ ಮೇಷ್ಟ್ರು

ರೋಬೋಟ್ ಅನ್ನೋ ಪದ ಹುಟ್ಟೋಕೆ ಐವತ್ತು ವರ್ಷ ಮೊದಲೇ ಒಬ್ಬ ಶಾಲಾ ಮೇಷ್ಟ್ರು ತಮ್ಮ ಕಥೆಯಲ್ಲಿ ಉಗಿಯಿಂದ ನಡೆಯೋ ಮನುಷ್ಯನನ್ನ ಕಟ್ಟಿಬಿಟ್ಟಿದ್ದರು. ಅವರೇ ಎಡ್ವರ್ಡ್ ಎಲ್ಲಿಸ್.

1840ರಲ್ಲಿ ಅಮೆರಿಕದ ಒಹಾಯೋದಲ್ಲಿ ಹುಟ್ಟಿದ ಎಲ್ಲಿಸ್, ನ್ಯೂಜೆರ್ಸಿಯಲ್ಲಿ ಪಾಠ ಮಾಡ್ತಿದ್ದರು. ಆಗ ಅಲ್ಲಿ ಡೈಮ್ ನಾವೆಲ್‌ಗಳು ಶುರುವಾಗಿದ್ದವು. ಡೈಮ್ ಅಂದ್ರೆ ಹತ್ತು ಸೆಂಟ್ ನಾಣ್ಯ. ಅದೊಂದು ಕೊಟ್ರೆ ಅಗ್ಗದ ಕಾಗದದಲ್ಲಿ ಒಂದು ಪೂರ್ತಿ ಸಾಹಸದ ಕಥೆ ಸಿಗ್ತಿತ್ತು. 1860ರಲ್ಲಿ ಬೀಡಲ್ ಕಂಪನಿ ಎಲ್ಲಿಸ್ ಬರೆದ ‘ಸೇಥ್ ಜೋನ್ಸ್’ ತಂದಿತು. ಪುಸ್ತಕ ಬರೋ ಮುಂಚೆ, ಸೇಥ್ ಜೋನ್ಸ್ ಯಾರು ಅಂತ ಕೇಳೋ ಜಾಹೀರಾತುಗಳನ್ನ ಎಲ್ಲಾ ಕಡೆ ಹಾಕಿಸಿದ್ದರು. ಇವತ್ತಿನ ಸಿನಿಮಾ ಟೀಸರ್ ಥರಾನೇ! ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯ್ತು. ಬರೆದವರಿಗೆ ಆಗ ಬರೀ ಇಪ್ಪತ್ತು ವರ್ಷ, ನನಗಿಂತ ಒಂದೇ ವರ್ಷ ದೊಡ್ಡೋರು. ನನಗೆ ಇನ್ನೂ ಲ್ಯಾಬ್ ರೆಕಾರ್ಡ್ ಬರೆದು ಮುಗಿಸೋಕೇ ಆಗ್ತಿಲ್ಲ.

1868ರಲ್ಲಿ ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿ ಜೇಡಕ್ ಡೆಡೆರಿಕ್ ಮತ್ತು ಐಸಾಕ್ ಗ್ರಾಸ್ ಗಾಡಿ ಎಳೆಯೋ ಉಗಿ ಮನುಷ್ಯನಿಗೆ ಪೇಟೆಂಟ್ ಪಡೆದರು. ಅದೇ ವರ್ಷ ಎಲ್ಲಿಸ್ ಅವರ ‘ದಿ ಸ್ಟೀಮ್ ಮ್ಯಾನ್ ಆಫ್ ದಿ ಪ್ರೇರೀಸ್’ ಬಂತು. ಇದರ ಹೀರೋ ಜಾನಿ ಬ್ರೇನರ್ಡ್, ಅಪ್ಪನಿಲ್ಲದ ಗೂನು ಬೆನ್ನಿನ ಕುಳ್ಳ ಹುಡುಗ. ಏನು ಮಾಡ್ಲಿ ಅಂತ ಅಮ್ಮನನ್ನ ಕೇಳ್ತಾನೆ. ಉಗಿಯಿಂದ ನಡೆಯೋ ಮನುಷ್ಯನನ್ನ ಮಾಡು ಅಂತಾರೆ ಅಮ್ಮ. ಸರಿ, ಹತ್ತು ಅಡಿಯ ಕಬ್ಬಿಣದ ಆಳು ತಯಾರು. ಮೈಯೊಳಗೆ ಬಾಯ್ಲರ್, ತಲೆ ಮೇಲಿನ ಟೋಪಿಯೇ ಹೊಗೆಕೊಳವೆ, ಜಾರಬಾರದು ಅಂತ ಪಾದಕ್ಕೆ ಮೊಳೆಗಳು. ಡಿಸೈನ್ ಬಗ್ಗೆ ಮೇಷ್ಟ್ರು ಎಷ್ಟು ಯೋಚಿಸಿದ್ದಾರೆ ನೋಡಿ.

ಆದ್ರೆ ಕೊನೆ ನನಗೆ ಹಿಡಿಸಲಿಲ್ಲ. ಮೂಲನಿವಾಸಿಗಳು ಕಣಿವೆಯಲ್ಲಿ ದಾರಿ ಕಟ್ಟಿದಾಗ, ಜಾನಿ ಬಾಯ್ಲರ್‌ನಲ್ಲಿ ಒತ್ತಡ ಏರಿಸಿ ಉಗಿ ಮನುಷ್ಯನನ್ನ ಅವರ ಮೇಲೇ ಬಿಟ್ಟು ಸಿಡಿಸ್ತಾನೆ. ಊರಿನ ಹುಡುಗರ ಮಧ್ಯೆ ಬೇರೆಯಾಗಿ ಕಾಣೋ ಹುಡುಗನನ್ನ ಹೀರೋ ಮಾಡೋ ದೊಡ್ಡ ಮನಸ್ಸಿದ್ದ ಎಲ್ಲಿಸ್‌ಗೆ, ಸ್ವಂತ ನೆಲಕ್ಕಾಗಿ ಹೋರಾಡ್ತಿದ್ದವರು ಬರೀ ಗುರಿಹಲಗೆಯಾಗಿ ಕಂಡರು. ಆ ಕಾಲವೇ ಹಾಗಿತ್ತು ಅನ್ನಬಹುದು, ಆದ್ರೂ ಇದನ್ನ ಓದಿ ಬೆಳೆದ ಮಕ್ಕಳು ಎಷ್ಟೋ.

ಎಲ್ಲಿಸ್ ಆಮೇಲೆ ಟ್ರೆಂಟನ್‌ನಲ್ಲಿ ಶಾಲೆಗಳ ಆಡಳಿತ ನೋಡಿಕೊಂಡರು, ಇತಿಹಾಸದ ಪುಸ್ತಕಗಳನ್ನೂ ಬರೆದರು. ಹತ್ತಾರು ಗುಪ್ತನಾಮ, ನೂರಾರು ಪುಸ್ತಕ. 1916ರಲ್ಲಿ ಮೇನ್ ರಾಜ್ಯದಲ್ಲಿ ತೀರಿಕೊಂಡರು. ಅಷ್ಟರಲ್ಲಿ ಹ್ಯಾರಿ ಎಂಟನ್ ಅನ್ನೋ ಇನ್ನೊಬ್ಬ ಲೇಖಕ 1876ರಲ್ಲೇ ಉಗಿ ಮನುಷ್ಯನ ಐಡಿಯಾ ಎತ್ತಿಕೊಂಡು ‘ಫ್ರಾಂಕ್ ರೀಡ್’ ಕಥೆಗಳನ್ನ ಶುರು ಮಾಡಿಯಾಗಿತ್ತು.